ಹಿತ್ತಲಿನ ಸಮುದ್ರಕ್ಕೆ ಬದು

ತೋಟದ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ನನ್ನ ಬಳಿ ಬಂದು ಗೊಬ್ಬರದ ಪ್ರಮಾಣ ಕೇಳುತ್ತಾರೆ, ಗುಲಾಬಿಗೆ ಕಸಿ ಕಟ್ಟುವ ಕಾಲ ಕೇಳುತ್ತಾರೆ. ಅವೆಲ್ಲ ಪುಸ್ತಕದಲ್ಲಿವೆ. ತೋಟ ಮಾಡಿಸುವವರು ಏನನ್ನು ಬೇಕಾದರೂ ಕೇಳಬಲ್ಲರು, ನಮ್ಮ ಯಜಮಾನರು ಅದಕ್ಕೆಲ್ಲ ಒಪ್ಪಿಕೊಂಡು ಬರಬಲ್ಲರು ಎಂಬುದನ್ನು ಮಾತ್ರ ಯಾವ ಪುಸ್ತಕದಲ್ಲೂ ಬರೆದಿಲ್ಲ. ಅದನ್ನು ತಿಳಿಸಲೆಂದೇ ಹಳೆಯ ಡೈರಿಗಳನ್ನು ಅಟ್ಟದಿಂದ ಕೆಳಗಿಳಿಸಿ ಕೂತಿದ್ದೇನೆ.

ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತನಾದ ದಿನದವರೆಗೆ ಡೈರಿ ಬರೆದಿದ್ದೇನೆ. ತಾರೀಕು, ವಾರ, ಗಾಡಿಗಳ ಎಣಿಕೆ, ಆಳುಗಳ ಎಣಿಕೆ, ಸತ್ತ ಸಸಿ, ಬದುಕಿದ ಸಸಿ, ಎಲ್ಲವೂ ಇದೆ. ಬಡ್ತಿ ಸಿಕ್ಕ ದಿನಗಳಿಗೆ ಒಂದೊಂದು ಸಾಲು ಸಾಕಾಗಿದೆ. ಸಮುದ್ರದ ಕೆಲಸಕ್ಕೆ ಇಪ್ಪತ್ತಾರು ಪುಟ ಹಿಡಿದಿದೆ.

ಆಗಿನ ನಮ್ಮ ಯಜಮಾನರು ಚಿಕ್ಕಲಿಂಗಯ್ಯನವರು. ಮಂಡ್ಯದ ಅಂಚಿನಲ್ಲಿ, ನಾಲೆಯ ಮಗ್ಗುಲಿಗೆ ಅವರದೊಂದು ಸಸಿತೋಟ. ಬಂಗಲೆಗಳಿಗೆ, ವಕೀಲರ ಮನೆಗಳಿಗೆ ಹೂದೋಟ ಮಾಡಿಕೊಡುವುದು ಕಸುಬು. ಮಳವಳ್ಳಿಯಿಂದ ಬಂದು ಅಳತೆಗೂ ಬರವಣಿಗೆಗೂ ಅವರಲ್ಲಿ ಸೇರಿಕೊಂಡಾಗ ನನಗೆ ಇಪ್ಪತ್ತೆರಡು ವರ್ಷ. ಎಲ್ಲರೂ ನನ್ನನ್ನು ‘ರೈಟ್ರು’ ಎನ್ನುತ್ತಿದ್ದರು. ಚಿಕ್ಕಲಿಂಗಯ್ಯನವರಿಗೆ ಗಿಡಗಳ ವಿಷಯದಲ್ಲಿ ತಿಳಿಯದ್ದು ಇರಲಿಲ್ಲ. ‘ಆಗಲ್ಲ’ ಎಂದು ಹೇಳುವುದೊಂದು ತಿಳಿದಿರಲಿಲ್ಲ. ಮಂಡ್ಯದ ಬಿಸಿಲಿನಲ್ಲಿ ಸೇಬಿನ ಮರ ಕೇಳಿದರೂ “ಆಯ್ತದೆ ಬುಡಿ” ಎನ್ನುತ್ತಿದ್ದರು. ನಾನು ಸೇರಿದ ಮೊದಲ ವರ್ಷದಲ್ಲಿ ಅವರು “ಆಯ್ತದೆ ಬುಡಿ” ಎಂದದ್ದು ನೂರ ಹದಿನಾಲ್ಕು ಸಲ. ಆದದ್ದು ಎಪ್ಪತ್ತು ಸಲ. ಉಳಿದ ನಲವತ್ತನಾಲ್ಕು ಕಡೆ ವಿವರಣೆ ಕೊಡಲು ಕಳಿಸುತ್ತಿದ್ದುದು ನನ್ನನ್ನು.

ನಮ್ಮ ನೆಲದ ಕೆಲಸಕ್ಕೆಲ್ಲ ಕೆಂಪಯ್ಯನೇ ಮುಂದಾಳು. ಬಸರಾಳಿನವನು, ಸ್ವಂತ ಗದ್ದೆ ಇದ್ದವನು. ಈಗ ನೀವು ಮಟ್ಟ ನೋಡಲು ಮೂರು ಕಾಲಿನ ಯಂತ್ರ ನಿಲ್ಲಿಸಿ ಒಂದು ಕಣ್ಣು ಮುಚ್ಚುತ್ತೀರಿ. ಕೆಂಪಯ್ಯ ನೆಲಕ್ಕೆ ನೀರು ಬಿಟ್ಟು ಬದುವಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವುದರೊಳಗೆ ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ನೀರೇ ಹೇಳಿರುತ್ತಿತ್ತು. ಅವನು ಮಾಡಿದ ಮಟ್ಟದಲ್ಲಿ ಗೋಲಿ ಇಟ್ಟರೆ ಗೋಲಿ ಕದಲುತ್ತಿರಲಿಲ್ಲ. ತೊಂದರೆ ಏನೆಂದರೆ, ಅವನಿಗೆ ಬೇರೆ ಬಗೆಯ ನೆಲ ಮಾಡಲು ಬರುತ್ತಲೇ ಇರಲಿಲ್ಲ. ಒಬ್ಬ ಸಾಹೇಬರ ಬಂಗಲೆಯ ಮುಂದೆ ಹುಲ್ಲುಹಾಸು ಮಾಡಿ, ಅಭ್ಯಾಸಬಲದಿಂದ ಸುತ್ತಲೂ ನಾಲ್ಕು ಬೆರಳು ಬದು ಏರಿಸಿದ. ಮರುದಿನ ಚಹಾ ಕೂಟದ ಹೊತ್ತಿಗೆ ಮಳೆ ಬಂತು. ಹನ್ನೆರಡು ಬೆತ್ತದ ಕುರ್ಚಿಗಳು ನೀರಿನಲ್ಲಿ ನಿಂತವು. ಸಾಹೇಬರು ನಮ್ಮನ್ನು ಕರೆಸಿದಾಗ ಕೆಂಪಯ್ಯ ಒಂದು ಹನಿಯೂ ಆಚೆ ಹೋಗಿಲ್ಲವೆಂದು ಅವರಿಗೇ ಬೆರಳು ಮಾಡಿ ತೋರಿಸಿ ಹೆಮ್ಮೆಪಟ್ಟ.

ಇಂಥ ನಮ್ಮ ಬಳಿಗೆ ೧೯೪೩ರ ಜುಲೈ ೫, ಸೋಮವಾರ, ಹೆಂಚಿನ ಡಿಪೋ ಶೆಟ್ಟರು ಬಂದರು.

ಶೆಟ್ಟರು ಕರಾವಳಿಯವರು. ಮಂಡ್ಯ ಬೆಳೆಯುತ್ತಿದ್ದ ಕಾಲ. ಹೊಸ ಮನೆಗಳಿಗೆಲ್ಲ ಮಂಗಳೂರು ಹೆಂಚು ಬೇಕಿತ್ತು. ಅವರ ಡಿಪೋ ಮತ್ತು ಮನೆ ಒಂದೇ ಆವರಣದಲ್ಲಿತ್ತು. ಮುಂದೆ ಹೆಂಚಿನ ರಾಶಿ, ನಡುವೆ ಮನೆ, ಹಿಂದೆ ಎಂಟು ಗುಂಟೆ ಖಾಲಿ ಹಿತ್ತಲು. ಮದುವೆಯಾಗಿ ಆರು ತಿಂಗಳಾಗಿತ್ತು. ಅವರ ಕಡೆ ಆಟಿ ತಿಂಗಳೆಂದರೆ ನಮ್ಮ ಆಷಾಢವಿದ್ದ ಹಾಗೆ, ಹೊಸ ಮದುವಣಗಿತ್ತಿ ತವರಿಗೆ ಹೋಗುತ್ತಾಳೆ. ಹೆಂಡತಿ ಲೀಲಾವತಿಯವರು ತಿಂಗಳು ಶುರುವಾಗುವ ಮೊದಲೇ ಹೊರಟುಬಿಟ್ಟಿದ್ದರು. ಅಲ್ಲಿಂದ ಒಂದು ಕಾಗದ ಬಂದಿತ್ತು. ಶೆಟ್ಟರು ಅದನ್ನು ಓದಿ ಹೇಳಿದರು: “ಆಟಿ ಮುಗಿದ ಮೇಲೆ ಒಮ್ಮೆ ಬಂದು ನನ್ನ ಪೆಟ್ಟಿಗೆ ತೆಗೆದುಕೊಂಡು ಹೋಗುತ್ತೇನೆ. ಅಲ್ಲಿ ಬೆಳಿಗ್ಗೆ ಎದ್ದರೂ ಹೆಂಚು, ಸಂಜೆಗೂ ಹೆಂಚು. ನನ್ನಿಂದ ಆಗುವುದಿಲ್ಲ.”

“ಸಮಾಧಾನ ಮಾಡಿ ಕರ್ಕೊಂಡ್ ಬನ್ನಿ ಸ್ವಾಮಿ,” ಎಂದರು ಚಿಕ್ಕಲಿಂಗಯ್ಯನವರು.

“ನಮ್ಮಲ್ಲಿ ಮನೆ, ಗದ್ದೆ ಎಲ್ಲ ಹೆಂಗಸರ ಕಡೆಗೆ ಮಾರಾಯ್ರೆ. ಅವಳಿಗೆ ಅಲ್ಲಿ ಅನ್ನಕ್ಕೂ ಕೊರತೆ ಇಲ್ಲ, ಅಧಿಕಾರಕ್ಕೂ ಇಲ್ಲ. ಬರುವುದಿಲ್ಲ ಅಂದರೆ ಮುಗಿಯಿತು.” ಶೆಟ್ಟರು ಕಾಗದ ಮಡಿಸಿದರು. “ಅವಳ ಮನೆ ಇರುವುದು ಸಮುದ್ರದ ಬದಿಯಲ್ಲಿ. ಅದಕ್ಕೇ ನಾನೊಂದು ಯೋಚನೆ ಮಾಡಿದ್ದೇನೆ. ಹಿತ್ತಲಲ್ಲಿ ಒಂದು ಸಮುದ್ರದ ದಂಡೆ ಮಾಡಿಕೊಡಲಿಕ್ಕೆ ಆಗ್ತದಾ? ಮರಳು, ತೆಂಗು, ಸ್ವಲ್ಪ ನೀರು. ನೀರು ಸ್ವಲ್ಪ ಅಲ್ಲಾಡಬೇಕು.”

ನಾನು ಯಜಮಾನರ ಬಾಯನ್ನೇ ನೋಡುತ್ತಿದ್ದೆ.

“ಆಯ್ತದೆ ಬುಡಿ,” ಎಂದರು.

ಅಂದಿನ ಡೈರಿ: “ಸಸಿತೋಟದಲ್ಲಿ ಕೆಲಸ ಮಾಡುವವರು ೯. ಸಮುದ್ರ ನೋಡಿದವರು ೦. ಕ್ಯಾಲೆಂಡರಿನಲ್ಲಿ ನೋಡಿದವರು ೨. ಯಜಮಾನರು ಶ್ರೀರಂಗಪಟ್ಟಣದಲ್ಲಿ ನೋಡಿದ್ದೇನೆ ಎನ್ನುತ್ತಾರೆ; ಅದು ಹೊಳೆ ಎಂದು ನಾನು ಹೇಳಲಿಲ್ಲ.”

ಮರುದಿನ ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಶೆಟ್ಟರ ಬಳಿ ಹೋದೆ. ಸಮುದ್ರದ ಬಣ್ಣ ಯಾವುದು? ನೀಲಿ, ಆಟಿಯಲ್ಲಿ ಬೂದಿ. ಆಳ ಎಷ್ಟು? ಅಳೆದಿಲ್ಲ. ಆಚೆ ದಡ ಎಷ್ಟು ದೂರ? ಆಚೆ ದಡ ಇಲ್ಲ. ಕೊನೆಯ ಉತ್ತರ ನನ್ನನ್ನು ಕಂಗೆಡಿಸಿತು. ಹಿತ್ತಲಿನ ಆಚೆ ದಡದಲ್ಲಿ ಆಳೆತ್ತರದ ಕಾಂಪೌಂಡ್ ಗೋಡೆ ಇತ್ತು. ಬಹಳ ಯೋಚಿಸಿ, ಸುಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ ಗೋಡೆಗೆ ಬಳಿಸಿದೆ. ಗೋಡೆ ಕಾಣಬಾರದೆಂದು ಬಳಿಸಿದ್ದು. ಬಳಿದ ಮೇಲೆ ಆ ಬೀದಿಯಲ್ಲಿ ಅದೊಂದೇ ಕಾಣುತ್ತಿತ್ತು.

ಮರಳು ತಂದದ್ದು ಮದ್ದೂರಿನ ಶಿಂಷಾ ಹೊಳೆಯಿಂದ, ಇಪ್ಪತ್ಮೂರು ಗಾಡಿ. ಹೊಳೆಯ ಮರಳು ದಪ್ಪ. ಸಮುದ್ರದ್ದು ನುಣುಪಾಗಿರುತ್ತದೆ ಎಂದು ಶೆಟ್ಟರು ಹೇಳಿದ್ದರಿಂದ ಇಪ್ಪತ್ಮೂರು ಗಾಡಿಯನ್ನೂ ಜರಡಿ ಹಿಡಿಸಿದೆವು. ಜರಡಿ ಹಿಡಿದ ನುಣುಪು ಮರಳಿನ ಸುದ್ದಿ ಬೀದಿಗೆಲ್ಲ ಹೇಗೆ ಹರಡಿತೋ ತಿಳಿಯದು. ಮೊದಲು ಪಾತ್ರೆ ತಿಕ್ಕುವುದಕ್ಕೆಂದು ಹೆಂಗಸರು ಬಂದು ಮಡಿಲು ತುಂಬಿಕೊಂಡು ಹೋದರು. ಆಮೇಲೆ ಬೆಕ್ಕುಗಳು ಬಂದವು. ಬೆಕ್ಕುಗಳಿಗೆ ಅದು ಸಮುದ್ರತೀರವಾಗಿ ಕಾಣಲಿಲ್ಲ, ತಮಗಾಗಿಯೇ ಕಟ್ಟಿಸಿದ ಕಕ್ಕಸಾಗಿ ಕಂಡಿತು. “ಜುಲೈ ೧೭, ಶನಿವಾರ. ಬೆಕ್ಕು: ೧೧. ಅದರಲ್ಲಿ ಶೆಟ್ಟರ ಬೀದಿಯವು ೪, ಪರಸ್ಥಳದವು ೭.” ದಿನವೂ ಬೆಳಿಗ್ಗೆ ಹೋಗಿ ಕುಂಟೆಯಿಂದ ಮರಳು ಕೆದಕಿ ಶುಚಿ ಮಾಡುವುದು ನನ್ನ ಪಾಲಿಗೆ ಬಂತು. ಈ ಕಸುಬಿಗೆ ಬರುವವರು ಇದಕ್ಕೂ ಸಿದ್ಧರಾಗಿರಬೇಕು.

ನಿಜವಾದ ಜಗಳ ಆದದ್ದು ದಂಡೆಯ ಇಳಿಜಾರಿನಲ್ಲಿ. ಹಿತ್ತಲಿನ ಅರ್ಧಕ್ಕೆ ಮರಳು, ಇನ್ನರ್ಧಕ್ಕೆ ನೀರು. ಮರಳು ಮೆಲ್ಲಗೆ ಇಳಿಯುತ್ತ ಹೋಗಿ ನೀರಿನೊಳಗೆ ಸೇರಬೇಕು. ಶೆಟ್ಟರು ಕೈಯನ್ನು ಓರೆ ಮಾಡಿ ತೋರಿಸಿದ್ದರು. ನಾನು ಹಗ್ಗ ಕಟ್ಟಿ, ಗೂಟ ನೆಟ್ಟು, ಅಡಿಗೆ ಇಷ್ಟು ಇಳಿಯಬೇಕೆಂದು ಗುರುತು ಹಾಕಿ ಕೆಂಪಯ್ಯನಿಗೆ ಒಪ್ಪಿಸಿ ಬಂದೆ. ಸಂಜೆ ಬಂದು ನೋಡಿದರೆ ಮರಳಿಗೂ ನೀರು ನಿಲ್ಲಬೇಕಾದ ತಗ್ಗಿಗೂ ನಡುವೆ ಮೊಳದೆತ್ತರದ ಅಂದವಾದ ಮಣ್ಣಿನ ಬದು! ಮೇಲೆ ಸಲಿಕೆಯಿಂದ ತಟ್ಟಿ ನುಣ್ಣಗೆ ಮಾಡಿದ್ದ.

“ಇದೇನು ಕೆಂಪಯ್ಯ?”

“ಬದು ಕಣ್ ರೈಟ್ರೇ.”

“ಬದು ಅಂತ ಗೊತ್ತು. ಸಮುದ್ರಕ್ಕೆ ಬದು ಇರಲ್ಲ.”

“ನೀವ್ ನೋಡಿದ್ದೀರಾ?”

“ಇಲ್ಲ.”

“ನಾನೂ ನೋಡಿಲ್ಲ. ಇಬ್ರೂ ನೋಡಿಲ್ಲ ಅಂದ್ಮೇಲೆ ಇರ್ಲಿ ಬುಡಿ.”

“ಶೆಟ್ಟರು ನೋಡಿದ್ದಾರಲ್ಲ!”

“ಅವ್ರು ಎಂಚು ಮಾರೋರು. ನೀರಿನ ಇಸ್ಯ ಅವ್ರಿಗೇನ್ ಗೊತ್ತು? ಬದು ಇಲ್ದೆ ನೀರ್ ಬುಟ್ರೆ ದಾರೀಲಿ ಓಗೋರು ಏನಂದಾರು? ಕೆಂಪಯ್ಯ ಕುಡ್ಕೊಂಡ್ ಕೆಲ್ಸ ಮಾಡವ್ನೆ ಅಂತಾರೆ.”

ನಿಂತು ಕೀಳಿಸಿದೆ. ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಹಾಕಿದ. ಕೇಳಿದರೆ, ತಾನು ಹಾಕಲಿಲ್ಲ, ಕೈಯಲ್ಲಿ ಸಲಿಕೆ ಇತ್ತು, ಎದುರಿಗೆ ನೀರು ಬರುವ ತಗ್ಗಿತ್ತು, ಅದು ತಾನಾಗಿ ಆಯಿತು ಎಂದ. ಆಗಸ್ಟ್ ಒಂದರ ಹೊತ್ತಿಗೆ ನನ್ನ ಎಣಿಕೆ ಹೀಗಿದೆ: “ಬದು ಹಾಕಿದ್ದು ೬ ಸಲ. ಕಿತ್ತದ್ದು ೫ ಸಲ.” ಆರನೆಯದನ್ನು ಕೀಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಯಜಮಾನರಿಗೆ ದೂರು ಹೇಳಿದೆ. ಅವರು ಬಂದು, ಬದುವಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, “ಒಳ್ಳೆ ಬದು ಕಣ್ಲಾ ಕೆಂಪ” ಎಂದು ಮೆಚ್ಚಿ ಹೊರಟುಹೋದರು. ಅವರೂ ಗದ್ದೆಯವರೇ.

ಇನ್ನು ನೀರು. ಹಿತ್ತಲಿನ ಪಕ್ಕದಲ್ಲೇ ನಾಲೆಯ ಕಾಲುವೆ ಹರಿಯುತ್ತಿತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ನೀರುಗಂಟಿ ಬೋರೇಗೌಡ. ಕಂಕುಳಲ್ಲಿ ಒಂದು ಪಟ್ಟಿ, ಕಿವಿಯಲ್ಲಿ ಒಂದು ಸೀಸದ ಕಡ್ಡಿ. ನೀರು ಬಿಡಪ್ಪ ಎಂದು ಕೇಳಿದ್ದಕ್ಕೆ ಅವನು ಪಟ್ಟಿ ತೆಗೆದ.

“ಎಷ್ಟು ಗುಂಟೆ?”

“ನಾಲ್ಕು.”

“ಬೆಳೆ ಯಾವ್ದು?”

“ಸಮುದ್ರ,” ಎಂದೆ. ಸುಳ್ಳು ಬರೆಸುವ ಅಭ್ಯಾಸ ನನಗಿರಲಿಲ್ಲ.

ಬೋರೇಗೌಡ ಪಟ್ಟಿಯ ಮೇಲೆ ಬೆರಳಾಡಿಸಿದ. “ಬತ್ತ ಐತೆ, ಕಬ್ಬು ಐತೆ, ರಾಗಿ ಐತೆ. ಸಮುದ್ರ ಇಲ್ಲ.”

“ಹೊಸದಾಗಿ ಬರ್ಕೊಳಯ್ಯ,” ಎಂದರು ಜೊತೆಗಿದ್ದ ಯಜಮಾನರು.

“ಬರ್ಕೊಂಡ್ರೆ ಕೊಯ್ಲು ಯಾವಾಗ ಅಂತ ಕೇಳ್ತಾರೆ, ಏನ್ ಯೋಳ್ಲಿ? ಯುದ್ಧದ ಕಾಲ. ಊಟದ ಬೆಳೆ ಬೆಳೀರಿ ಬೆಳೀರಿ ಅಂತ ಊರೂರಲ್ಲಿ ತಮಟೆ ಬಡಿತಾವ್ರೆ, ನೀವು ಇಲ್ಲಿ ಸಮುದ್ರ ಬೆಳೀತೀರಾ?” ಆಮೇಲೆ ಅವನೇ ದಾರಿ ತೋರಿಸಿದ. “ಒಂದ್ ಮೂಲೇಲಿ ನಿಜವಾಗ್ಲೂ ಬತ್ತ ನೆಡಿ. ಅಷ್ಟಕ್ಕೆ ಬತ್ತ ಅಂತಾನೇ ಬರ್ಕೊತೀನಿ. ಕಾಲುವೆ ನೀರು ಅದಕ್ಕೆ. ಗದ್ದೆ ತುಂಬಿ ಎಚ್ಚಾಗಿ ಅರಿದದ್ದು ಎಲ್ಲಿಗಾರ ಓಗ್ಲಿ, ನಾನ್ ಕೇಳಾಕಿಲ್ಲ.”

ಸಮುದ್ರದ ಒಂದು ಮೂಲೆಯಲ್ಲಿ ಎರಡು ಗುಂಟೆ ಭತ್ತ ನೆಡುವ ಆದೇಶವನ್ನು ಕೆಂಪಯ್ಯ ಮರುಮಾತಿಲ್ಲದೆ ಪಾಲಿಸಿದ. ಈ ಕೆಲಸ ಶುರುವಾದಾಗಿನಿಂದ ಅವನು ನಕ್ಕದ್ದು ಅದೇ ಮೊದಲು.

ಅಲ್ಲಾಡುವ ನೀರಿನ ಹೊಣೆ ಸೈಕಲ್ ಷಾಪಿನ ಗನಿ ಸಾಬರದು. ಪಂಪು, ಸೈಕಲ್ಲು, ಹೊಲಿಗೆ ಯಂತ್ರ, ಯಾವುದು ಕೆಟ್ಟರೂ ಊರಿನವರು ಹೋಗುತ್ತಿದ್ದುದು ಅವರ ಬಳಿಗೆ. ಸಾಬರು ಬಂದು ನೀರು ನೋಡಿ ಕೇಳಿದರು, “ಅಲೆ ನಿಮಿಷಕ್ಕೆ ಎಷ್ಟು ಬೇಕು ಶೆಟ್ರೆ?”

ಅದುವರೆಗೆ ಎಲ್ಲದಕ್ಕೂ ಥಟ್ಟನೆ ಉತ್ತರ ಕೊಡುತ್ತಿದ್ದ ಶೆಟ್ಟರು ಕಣ್ಣು ಮುಚ್ಚಿ ನಿಂತರು. ಬೆರಳು ಮಡಚುತ್ತ ಎಣಿಸಿದರು. ನಾನು ಗಡಿಯಾರ ಹಿಡಿದಿದ್ದೆ. ಬಹಳ ಹೊತ್ತಾದ ಮೇಲೆ, “ಏಳು,” ಎಂದರು. “ಆಟಿಯಲ್ಲಾದರೆ ಎಂಟು.” ಕಣ್ಣು ಒರೆಸಿಕೊಂಡು, ಹೆಂಚಿನ ಧೂಳು ಎಂದರು.

ಸಾಬರು ಒಂದು ಹಳೆಯ ಬಾಗಿಲನ್ನು ನೀರಿನಲ್ಲಿ ನಿಲ್ಲಿಸಿ, ಕೆಳಗೆ ಕೀಲು ಹಾಕಿ, ಮೇಲಿನ ತುದಿಗೆ ಸರಳು ಜೋಡಿಸಿ, ಆ ಸರಳನ್ನು ದಂಡೆಯಲ್ಲಿ ನಿಲ್ಲಿಸಿದ ಸೈಕಲ್ಲಿನ ಪೆಡಲ್ಲಿಗೆ ಕಟ್ಟಿದರು. ಸೈಕಲ್ ತುಳಿದರೆ ಬಾಗಿಲು ನೀರನ್ನು ನೂಕಬೇಕು. ಆಗಸ್ಟ್ ೧೨, ಗುರುವಾರ, ಪರೀಕ್ಷೆ. ಸಾಬರು ತುಳಿದರು. ಅಲೆ ಎದ್ದಿತು, ನಿಜವಾದ ಅಲೆ, ಎರಡು ಗೇಣು ಎತ್ತರ! ಆದರೆ ಅದು ಮರಳಿನ ಕಡೆಗೆ ಬರುವ ಬದಲು ಆಚೆಗೆ ಹೋಗಿ ಗೋಡೆಗೆ ಬಡಿಯಿತು.

“ಉಲ್ಟಾ ಕೂರ್ಸಿದೀರಲ್ಲ ಸಾಬ್ರೆ!” ಎಂದೆ.

“ಕೂರ್ಸಿರಾದು ಸರಿಯಾಗೇ ಐತೆ. ನಿಮ್ ಸಮುದ್ರ ಉಲ್ಟಾ ಐತೆ,” ಎಂದು ಅವರು ತುಳಿಯುತ್ತಲೇ ಇದ್ದರು.

ಗೋಡೆಯ ನೀಲಿ ಕರಗಿ ನೀರಿಗೆ ಇಳಿಯಿತು. ಹತ್ತು ನಿಮಿಷದಲ್ಲಿ ಸಮುದ್ರ ಕಡುನೀಲಿಯಾಗಿ ಶೆಟ್ಟರು ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಪಕ್ಕದ ಮನೆಯ ನಿಂಗಮ್ಮನ ಎಮ್ಮೆ, ನೀರು ಕಂಡ ಎಮ್ಮೆ ಏನು ಮಾಡುತ್ತದೋ ಅದನ್ನೇ ಮಾಡಿತು. ಹಿತ್ತಲ ಬಾಗಿಲಿನಿಂದ ನುಗ್ಗಿ ನಡುನೀರಿನಲ್ಲಿ ಕೂತುಬಿಟ್ಟಿತು. ಆರು ಜನ ಸೇರಿ ಎಬ್ಬಿಸಲು ಒಂದೂಕಾಲು ಗಂಟೆ ಹಿಡಿಯಿತು. ಎದ್ದಾಗ ಅದರ ಕೊಂಬಿನ ಬುಡದ ತನಕ ನೀಲಿ ಹತ್ತಿತ್ತು.

ನಿಂಗಮ್ಮ ಓಡಿಬಂದಳು. “ಅಯ್ಯೋ ನನ್ ಎಮ್ಮೆಗೆ ಏನ್ ಮಾಡ್ಬುಟ್ರಲಾ! ನಾಳೆ ಆಲು ನೀಲಿ ಕರೆದ್ರೆ ಯಾರ್ ಕುಡೀತಾರೆ?”

“ಆಲು ನೀಲಿ ಬರಲ್ಲ ಕಣಮ್ಮ,” ಎಂದರು ಚಿಕ್ಕಲಿಂಗಯ್ಯನವರು.

“ನೀವ್ ಕುಡಿದ್ ತೋರ್ಸಿ!”

ಮರುದಿನ ಬೆಳಿಗ್ಗೆ ಯಜಮಾನರು ನಿಂಗಮ್ಮನ ಕೊಟ್ಟಿಗೆಯ ಮುಂದೆ ನಿಂತು ಬೀದಿಯವರೆಲ್ಲ ನೋಡುವ ಹಾಗೆ ಒಂದು ಲೋಟ ಹಾಲು ಕುಡಿದರು. ಬೆಳ್ಳಗೇ ಇತ್ತು.

ಅಲೆ ಎಬ್ಬಿಸುವ ಬಾಗಿಲನ್ನು ಕಿತ್ತು ಗೋಡೆಯ ಪಕ್ಕಕ್ಕೆ ಒಯ್ದು, ಈಚೆ ಮುಖ ಮಾಡಿ ಕೂರಿಸಿದೆವು. ಆಟಿ ಮುಗಿಯಲು ಉಳಿದದ್ದು ನಾಲ್ಕು ದಿನ. ಆ ನಾಲ್ಕು ದಿನದಲ್ಲಿ ಶೆಟ್ಟರು ಹಿತ್ತಲಿಗೆ ಬಂದದ್ದು, ನಾನು ಎಣಿಸಿದ ಮಟ್ಟಿಗೆ, ಅರವತ್ತೆಂಟು ಸಲ. ಪ್ರತಿ ಸಲವೂ ಒಂದೇ ಪ್ರಶ್ನೆ. “ಅವಳಿಗೆ ಹಿಡಿಸ್ತದೆ ಅಂತೀರಾ?” ಯಜಮಾನರಾಗಿದ್ದರೆ ಆಯ್ತದೆ ಬುಡಿ ಎನ್ನುತ್ತಿದ್ದರು. ನಾನು ಹಿತ್ತಲನ್ನು ಇನ್ನೊಮ್ಮೆ ನೋಡುತ್ತಿದ್ದೆ. ಗೋಡೆ ಅರ್ಧ ನೀಲಿ, ಅರ್ಧ ಬಿಳಿ. ತೆಂಗಿನ ಸಸಿಗಳು ಮೊಣಕಾಲೆತ್ತರ. ಮರಳಿನ ಮೇಲೆ ಬೆಕ್ಕು. ಒಂದು ವಿಷಯ ಮಾತ್ರ ಆಗ ಹೊಳೆಯಿತು, ಈಗಲೂ ಹುಡುಗರಿಗೆ ಹೇಳುತ್ತೇನೆ: ಆರು ವಾರ ನಾವು ಸಮುದ್ರದ ಬಗ್ಗೆ ಗಂಡನನ್ನು ಕೇಳಿದ್ದೆವು. ಅದರ ಮುಂದೆ ದಿನವೂ ಕೂರಬೇಕಾದವರನ್ನು ಏನು ಬೇಕೆಂದು ಒಬ್ಬರೂ ಕೇಳಿರಲಿಲ್ಲ.

ಆಗಸ್ಟ್ ೧೭, ಮಂಗಳವಾರ, ಮಧ್ಯಾಹ್ನದ ರೈಲಿಗೆ ಲೀಲಾವತಿಯವರು ಬಂದರು. ಯುದ್ಧಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಘಟ್ಟ ಹತ್ತಿ, ಆಮೇಲೆ ರೈಲು ಹಿಡಿದು, ಎರಡು ದಿನದ ಪ್ರಯಾಣ. ಜೊತೆಗೆ ಬಂದ ಸೋದರಮಾವ ಜಗಲಿ ಕಂಡ ಕೂಡಲೇ ಮಲಗಿ ಗೊರಕೆ ಹೊಡೆದರು. ಆಕೆಯ ಕೈಯಲ್ಲಿ ಒಂದು ಚಿಕ್ಕ ಚೀಲ, ಅಷ್ಟೆ. ಇರಲು ಬಂದವರ ಸಾಮಾನು ಅಲ್ಲ ಅದು. ಶೆಟ್ಟರು ಆ ಚೀಲವನ್ನು ನೋಡಿದ ರೀತಿ ನನಗೆ ಇಂದಿಗೂ ನೆನಪಿದೆ.

ಹಿತ್ತಲಿಗೆ ಕರೆತಂದರು. ನಾವೆಲ್ಲ ಸಾಲಾಗಿ ನಿಂತಿದ್ದೆವು. ನೀರುಗಂಟಿ ಬೋರೇಗೌಡ ಕೂಡ ಪಟ್ಟಿ ಕಂಕುಳಲ್ಲಿಟ್ಟುಕೊಂಡು ನೋಡಲು ಬಂದಿದ್ದ. ಗನಿ ಸಾಬರು ಸೈಕಲ್ ಏರಿ, ನಿಮಿಷಕ್ಕೆ ಎಂಟರಂತೆ ತುಳಿಯಲು ತೊಡಗಿದರು. ಅಲೆ ಒಂದೊಂದಾಗಿ ಬಂದು ಕೆಂಪಯ್ಯನ ಬದುವಿಗೆ ಬಡಿದು ನಿಂತಿತು. ಒಂದು ಹನಿಯೂ ಆಚೆ ಹೋಗಲಿಲ್ಲ. ಎರಡು ಕಪ್ಪೆ ಹಾರಿದವು.

“ಇದು ಎಂತ?” ಎಂದರು ಲೀಲಾವತಿ.

“ಸಮುದ್ರ,” ಎಂದರು ಶೆಟ್ಟರು.

ಆಕೆ ಗೋಡೆ ನೋಡಿದರು, ಸೈಕಲ್ ಮೇಲಿನ ಸಾಬರನ್ನು ನೋಡಿದರು, ಬೇಲಿಯಾಚೆ ನಿಂತಿದ್ದ ನೀಲಿ ಎಮ್ಮೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಕೊನೆಗೆ ಕಣ್ಣು ಬದುವಿನ ಮೇಲೆ ನಿಂತಿತು. “ಸಮುದ್ರಕ್ಕೆ ಬದು ಕಟ್ಟಿದ್ದು ಯಾರು?”

“ನಾನೇ ಕಣಮ್ಮ!” ಎಂದು ಕೆಂಪಯ್ಯ ಒಂದು ಹೆಜ್ಜೆ ಮುಂದೆ ಬಂದ.

ಆಗ ಆಕೆ ನಕ್ಕರು. ಮೊದಲು ಸೆರಗು ಅಡ್ಡ ಹಿಡಿದು ನಕ್ಕರು, ಆಮೇಲೆ ಸೆರಗು ಬಿಟ್ಟು ನಕ್ಕರು, ನಿಲ್ಲಲಾರದೆ ಮರಳಿನ ಮೇಲೆ ಕೂತು ನಕ್ಕರು. ಬಿಕ್ಕಳಿಕೆ ಹತ್ತಿತು. ಶೆಟ್ಟರು ನೀರು ತರಲು ಓಡಿ, ಗಾಬರಿಯಲ್ಲಿ ಖಾಲಿ ಚೊಂಬು ತಂದರು. ನಗುವುದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನಮಗೆ ತಿಳಿಯದೆ ನಿಂತೇ ಇದ್ದೆವು.

ಬಿಕ್ಕಳಿಸುತ್ತಲೇ ಎದ್ದು ಆಕೆ ಬದುವಿನ ಮೇಲೆ ನಡೆದು ಮೂಲೆಯ ಭತ್ತದ ತುಂಡಿನ ಬಳಿ ಹೋದರು. ಬಗ್ಗಿ ನೋಡಿದರು. ನಗು ನಿಂತಿತು.

“ಇಷ್ಟು ದೂರ ದೂರ ನೆಟ್ಟದ್ದು ಯಾರು?”

“ಅದೂ ನಾನೆಯ. ನಮ್ ಕಡೆ ಇಂಗೇ ನೆಡಾದು.”

“ಹೀಗೆ ನೆಟ್ಟರೆ ನಡುವೆ ಹುಲ್ಲು ಬರ್ತದೆ. ನಮ್ಮ ಮನೆಯಲ್ಲಿ ಹೀಗೆ ನೆಟ್ಟರೆ ಅಮ್ಮ ಪೂರಾ ಕೀಳಿಸಿ ಇನ್ನೊಮ್ಮೆ ನೆಡಿಸ್ತಾರೆ.”

“ಬತ್ತಕ್ಕೆ ಉಸ್ರಾಡಾಕೆ ಜಾಗ ಬ್ಯಾಡ್ವೇನಮ್ಮ? ನಲವತ್ ವರ್ಸದಿಂದ ನೆಡ್ತಾವ್ನಿ, ನಂಗೇ ಯೋಳ್ಕೊಡ್ತೀರಾ?”

“ನಲವತ್ತು ವರ್ಷ ತಪ್ಪು ನೆಟ್ಟರೆ ಸರಿ ಆಗ್ತದಾ?”

ಕೆಂಪಯ್ಯನಿಗೆ ಆ ಮಾತು ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಆಕೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಸರಿಗೆ ಇಳಿದಾಗಿತ್ತು. ಒಂದು ಪೈರು ಕಿತ್ತು, ಗೇಣಿಗಿಂತ ಕಡಿಮೆ ಅಂತರದಲ್ಲಿ ಚುಚ್ಚಿದರು. ಇನ್ನೊಂದು. ಮತ್ತೊಂದು. ಕೆಂಪಯ್ಯನೂ ಬಿಡದೆ ಇಳಿದು, ಪಕ್ಕದ ಸಾಲಿನಲ್ಲಿ ತನ್ನ ಅಂತರದಲ್ಲಿ ನೆಡತೊಡಗಿದ. ಸಾಬರು ತುಳಿಯುವುದನ್ನು ನಿಲ್ಲಿಸಿದರು. ಸಮುದ್ರ ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ.

“ಲೀಲಾ,” ಎಂದರು ಶೆಟ್ಟರು ಬದುವಿನ ಮೇಲೆ ಚೊಂಬು ಹಿಡಿದು, “ಸಮುದ್ರ…”

“ಸಮುದ್ರ ನಮ್ಮ ಊರಲ್ಲೇ ಉಂಟು. ಅದು ಎಲ್ಲಿಗೂ ಹೋಗುವುದಿಲ್ಲ. ನೆಟ್ಟದ್ದನ್ನು ಯಾರಾದರೂ ನೋಡಿಕೊಳ್ಳಬೇಕಲ್ಲ? ಈ ಮರಳೆಲ್ಲ ತೆಗೆಸಿ. ಇಡೀ ಹಿತ್ತಲು ಗದ್ದೆ ಆಗಬೇಕು.” ತಲೆ ಎತ್ತದೆ ನೆಡುತ್ತಲೇ ಹೇಳಿದರು. “ಇದರ ಕೊಯ್ಲು ಆಗುವ ತನಕ ನಾನು ಎಲ್ಲಿಗೂ ಹೋಗಲಿಕ್ಕಿಲ್ಲ.”

ಶೆಟ್ಟರ ಮುಖ ಅರಳಿತು. ಮರುಕ್ಷಣವೇ ಲೆಕ್ಕ ಹಾಕಿದರೆಂದು ಕಾಣುತ್ತದೆ, ಬಾಡಿತು. “ಕೊಯ್ಲು ಆದ ಮೇಲೆ?”

ಆಕೆ ಬೆನ್ನು ನೆಟ್ಟಗೆ ಮಾಡಿ, ಕೆಸರಿನ ಕೈಯಿಂದಲೇ ಕೂದಲು ಹಿಂದಕ್ಕೆ ತಳ್ಳಿಕೊಂಡರು. ಕೆಂಪಯ್ಯನ ಕಡೆ ತಿರುಗಿ ಕೇಳಿದರು, “ನಮ್ಮಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೀತೇವೆ. ಇಲ್ಲಿ ಎಷ್ಟು?”

ಬೇಸಿಗೆಯಲ್ಲಿ ನಾಲೆ ನಿಲ್ಲುತ್ತದೆ. ಆ ನೆಲದಲ್ಲಿ ಭತ್ತ ಒಂದೇ ಬೆಳೆ ಎಂಬುದು ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು. ಕೆಂಪಯ್ಯ ಬದುವಿನ ಮೇಲಿದ್ದ ಶೆಟ್ಟರ ಮುಖವನ್ನು ಒಂದು ಸಲ ನೋಡಿದ.

“ನಾಕು ಕಣಮ್ಮ,” ಎಂದ.

ನೀರುಗಂಟಿ ಬೋರೇಗೌಡ ಪಟ್ಟಿ ತೆಗೆದು ಬಾಯಿ ತೆರೆದ. ಕೆಂಪಯ್ಯ ಕೆಸರಿನಿಂದ ಒಂದು ಕಾಲು ಮೇಲೆತ್ತಿ, ಬದುವಿನ ಮೇಲಿದ್ದ ಅವನ ಪಾದವನ್ನು ಬಲವಾಗಿ ತುಳಿದು ನಿಂತ.